ಹತ್ತು ಕಮ್ಮಿ

ಯಶವಂತಪುರ ಸ್ಟೇಷನ್ನಿನ ಹಳದಿ ಹಲಗೆ
ಹೇಳುತ್ತದೆ: ನಾವು ಕಡಲಿಗಿಂತ
ಒಂಬೈನೂರು ಚಿಲ್ಲರೆ ಮೀಟರು ಮೇಲೆ.
ಅದೇ ಹಲಗೆಯ ಕೆಳಗೆ, ಬೆಳಗಿನ ಜಾವ,
ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಕಡಲು ಬಂದಿಳಿಯುತ್ತದೆ
ಐಸು ಸೋರುತ್ತಾ.
ಒಂದು ಪೆಟ್ಟಿಗೆ ನನಗೆ.
ಉಳಿದವು ಶಿವಾಜಿನಗರಕ್ಕೆ.

ನಾನು ಚಿಪ್ಪು ಬಿಡಿಸುವವಳು.
ಪಚ್ಚಿಲೆಯ ಮಾಂಸ ತೂಗಿ, ಅರೆದು,
ಆಮ್ಲದಲ್ಲಿ ಕುದಿಸಿ, ಸೋಸಿ,
ಯಂತ್ರದ ಬಾಯಿಗೊಂದು ಹನಿ ಇಟ್ಟು ಕಾಯುತ್ತೇನೆ.
ಹೊರಗೆ ತುಮಕೂರು ರಸ್ತೆಯ ಲಾರಿ.
ಒಳಗೆ ಪರದೆಯ ಮೇಲೆ ಯಂತ್ರ ಗುಡ್ಡ ಬರೆಯುತ್ತದೆ.
ಗುಡ್ಡ ಎತ್ತರವಾದಷ್ಟೂ ವಿಷ.

ಮುನಿನಂಜಪ್ಪನವರ ಕಾಲಕ್ಕೆ ಯಂತ್ರ ಇರಲಿಲ್ಲ, ಇಲಿ ಇತ್ತು.
ಬಿಳಿ ಇಲಿಯ ಹೊಟ್ಟೆಗೆ ಸೂಜಿ, ಸ್ಟಾಪ್‌ವಾಚಿಗೆ ಹೆಬ್ಬೆರಳು.
ಕೊನೆಯ ಉಸಿರಿಗೆ ಮತ್ತೆ ಹೆಬ್ಬೆರಳು.
ಎಷ್ಟು ನಿಮಿಷಕ್ಕೆ ಸತ್ತರೆ ಎಷ್ಟು ವಿಷ,
ಕೋಷ್ಟಕ ಅವರಿಗೆ ಮಗ್ಗಿಯಷ್ಟೇ ಬಾಯಿಪಾಠ.
ಜಾಲಹಳ್ಳಿಯ ಮನುಷ್ಯ, ಕಡಲು ಕಂಡವರೇ ಅಲ್ಲ.
ರಿಟೈರಾದ ದಿನ ಆ ವಾಚು ನನ್ನ ಕೈಗಿಟ್ಟು
"ಮೊಟ್ಟೆ ಬೇಯ್ಸೋಕಾಯ್ತದೆ ಇಟ್ಕೊಳಮ್ಮ" ಅಂದರು.
ಯಾರೂ ನಗಲಿಲ್ಲ.

ಬರಿಗಣ್ಣಿಗೆ ಕಾಣದ ಪಾಚಿ ಅದು.
ನೀರು ಬೆಚ್ಚಗಾದರೆ ಹಿಗ್ಗುತ್ತದೆ,
ಈಗ ಬೆಚ್ಚಗಿಲ್ಲದ ದಿನವೇ ಕಡಿಮೆ.
ಪಚ್ಚಿಲೆ ಬಾಯಿ ತೆರೆದು ಅದನ್ನೇ ಕುಡಿಯುತ್ತದೆ.
ಅದಕ್ಕೇನೂ ಆಗುವುದಿಲ್ಲ:
ಯಾರೋ ಕೊಟ್ಟುಹೋದ ಗಂಟನ್ನು
ಬಿಚ್ಚಿಯೂ ನೋಡದೆ ಕಾಪಾಡುವ ಅಜ್ಜಿಯ ಹಾಗೆ.
ಇನ್ನೊಂದು ಜಾತಿಯ ಗಂಟು ಬೂತಾಯಿಯ ಹೊಟ್ಟೆಯಲ್ಲಿ,
ಬೂತಾಯಿ ಅಂಜಲಿನ ಹೊಟ್ಟೆಯಲ್ಲಿ, ಅಂಜಲು ನಮ್ಮ ತಟ್ಟೆಯಲ್ಲಿ.
ವಾಸನೆಯಿಲ್ಲ. ಕುದಿಗೆ ಜಗ್ಗುವುದಿಲ್ಲ.
ಹುಣಿಸೆಹುಳಿಗೂ.
ಮೊದಲು ತುಟಿ ಜುಮ್ಮೆನ್ನುತ್ತದಂತೆ.
ಆಮೇಲೆ ನಾಲಿಗೆ ದಪ್ಪವಾಗಿ
ಪಕ್ಕದಲ್ಲಿ ಕೂತವರ ಹೆಸರು ಕರೆಯಲು ಹೋದರೆ
ಹೆಸರು ಬಾಯಿಗೆ ಬರುವುದಿಲ್ಲ.

ಮಿತಿ ಎಂಟುನೂರು.
ಇವತ್ತಿನದು ಏಳುನೂರ ತೊಂಬತ್ತು.
ಹೋದ ವರ್ಷ ಇದೇ ಅಳಿವೆಯದು ಮುನ್ನೂರು,
ಅದರ ಹಿಂದಿನ ವರ್ಷ ನಲವತ್ತು.
ವರದಿಯಲ್ಲಿ ಹಿಂದಿನ ವರ್ಷಗಳಿಗೆ ಕಾಲಂ ಇಲ್ಲ.
"ಮಿತಿಯೊಳಗೆ" ಎಂಬ ಸೀಲು ಇದೆ.
ಒತ್ತಿದೆ.
ಇಂಕು ಆರುವ ಮೊದಲೇ ಕುಲ್ಸುಂಬಿಗೆ ಫೋನು ಮಾಡಿದೆ.

"ಹತ್ತು ಕಮ್ಮಿ ಅಂದ್ರೆ ಪಾಸಲ್ವಾ ಮೇಡಂ?
ನನ್ನ ಮಗ ಮೂವತ್ತೈದಕ್ಕೇ ಪಾಸಾದ."
ಪಾಸು, ಅಂದೆ.
"ಮತ್ತೆ ಯಾಕೆ ಫೋನು?"
ಅವಳ ಹಿಂದೆ ಕತ್ತಿಯ ಸದ್ದು, ಹದ್ದಿನ ಸಿಳ್ಳು,
ಬಂಗುಡೆಗೆ ಯಾರದೋ ಚೌಕಾಶಿ.
ನನ್ನ ನಾಲಿಗೆ ಒಂದು ಕ್ಷಣ ದಪ್ಪ.

ಅವಳೇ ದನಿ ಇಳಿಸಿದಳು:
"ಉಳ್ಳಾಲದಲ್ಲಿ ನಮ್ಮುಮ್ಮ, ನೀರು ಕೆಂಪಾದ್ರೆ
ಚಿಪ್ಪು ಹೊಸ್ತಿಲು ದಾಟೋಕೆ ಬಿಡ್ತಿರ್ಲಿಲ್ಲ.
ಅದಕ್ಕೊಂದು ತಿಂಗಳು ಅಂತಿತ್ತು.
ಈಗ ಇಲ್ಲಿ ಕೂತು ನಾನೇನು ನೋಡ್ಲಿ?
ಈ ಮಾರ್ಕೆಟ್ಟಿನ ನೀರು ದಿನಾ ಕೆಂಪೇ."

ಸಂಜೆ ಹೋದೆ.
ಅವಳ ಕಟ್ಟೆಯ ಕೆಳಗೆ ಅರ್ಧ ಪೆಟ್ಟಿಗೆ ಪಚ್ಚಿಲೆ,
ಮುಚ್ಚಳದ ಮೇಲೆ ತೂಕದ ಕಲ್ಲು.
ಬೆಳಿಗ್ಗೆಯಿಂದ ತೆಗೆದಿಲ್ಲ.
ನಾನು ನಷ್ಟ ಎಷ್ಟೆಂದು ಕೇಳಲಿಲ್ಲ.

ಇನ್ನರ್ಧ?
"ಕಮ್ಮನಹಳ್ಳಿಯ ನರ್ಸು ಹುಡುಗೀರು, ನಾಲ್ಕು ಜನ.
ನಂಬರಿಲ್ಲ. ನಗದು ಕೊಡ್ತಾರೆ, ಹೋಗ್ತಾರೆ.
ಡ್ಯೂಟಿ ಮುಗಿಸಿ ಎಂಟಕ್ಕೆ ಊಟ ಅಂತಿದ್ರು."
ಸ್ವಲ್ಪ ಹೊತ್ತು ಬಿಟ್ಟು,
"ಎಷ್ಟೊತ್ತಿಗೆ ಗೊತ್ತಾಗತ್ತೆ?"
ಅರ್ಧ ಗಂಟೆ, ಅಂದೆ. ಹೆಚ್ಚೆಂದರೆ ಎರಡು.
"ಆದ್ರೂ ಪಾಸು."
ಹೌದು, ಪಾಸು.

ಬ್ಯಾಗಿನಲ್ಲಿ ವಾಚು ಕೈಗೆ ತಗುಲಿತು, ತಣ್ಣಗೆ.
ಏಳು ಐವತ್ತು.
ಅವಳು ಕತ್ತಿ ತೊಳೆದಿಟ್ಟಳು,
ಕೈ ಒರೆಸಿದಳು,
ಒಂದು ಸ್ಟೂಲು ಕಾಲಿನಿಂದ ನನ್ನ ಕಡೆ ತಳ್ಳಿದಳು.