ಅಗಸಿ ಲೋಳಿ

ಬೆಟಗೇರಿಯ ಬೋರಿನ ನೀರು
ಕೊಡದ ಒಳಗ ಬಿಳಿ ಗೆರಿ ಬರೀತೈತಿ.
ನನ್ನ ತಲಿಯೊಳಗೂ ಬರೀತಿತ್ತು ಅಂತ
ಮೂವತ್ತೊಂದು ವರ್ಷ ಗೊತ್ತಾಗಲಿಲ್ಲ.
ತಪ್ಪೆಲ್ಲಾ ಕೂದಲದ್ದು ಅಂತ ತಿಳಕೊಂಡಿದ್ದೆ.

ಸಾಲಿಯೊಳಗ ನನ್ನ ಹೆಸರು ಕತ್ತದ ಸಿಂಬಿ.
ಅವ್ವ ರವಿವಾರಕ್ಕೊಮ್ಮೆ ಮೊಣಕಾಲ ನಡುವ ಸಿಗಿಸಿಕೊಂಡು
ಕೊಬ್ಬರಿ ಎಣ್ಣಿ ಸುರುವಿ
ಎಳದ ಎಳತಕ್ಕ ಹುಬ್ಬು ಮ್ಯಾಲೇರತಿದ್ದವು.
ಎರಡು ಜಡಿ, ಕೆಂಪು ರಿಬ್ಬನ್ನು.
ಪ್ರಾರ್ಥನಾ ಮುಗಿಯೂದ್ರೊಳಗ
ಹಣಿಯ ಸುತ್ತ ಮತ್ತ ಹೊಗಿ.

ಆಮ್ಯಾಲ ನೌಕರಿ. ಗದಗ–ಹುಬ್ಬಳ್ಳಿ, ಕಂಡಕ್ಟರ್.
ಹುಲಕೋಟಿ ತನಕ ಕೂದಲು ನನ್ನ ಮಾತು ಕೇಳತೈತಿ,
ಅಣ್ಣಿಗೇರಿಯಿಂದ ಮುಂದ ಕಿಡಕಿ ಗಾಳಿ ಮಾತು.
ಹುಬ್ಬಳ್ಳಿಯೊಳಗ ಇಳಿಯೂದ್ರೊಳಗ
ಕ್ಯಾಶ್ ಬ್ಯಾಗು ಒಂದು ಕಡೆ, ತಲಿ ನಾಕೂ ಕಡೆ.
ಚಿಲ್ಲರ ಇಸಗೋತ ಒಬ್ಬ ಮುದುಕ ಕೇಳಿದ,
ಖರೇನ ಕಾಳಜಿಲೆ,
"ಯವ್ವಾ, ಕರೆಂಟ್ ಹೊಡದೈತೇನ?"

ದುರ್ಗದಬೈಲಿನ ಹಿಂದ ಮೆಹಜಬೀನಳ ಪಾರ್ಲರ್.
ಅರ್ಧ ತಿಂಗಳ ಪಗಾರ ಕೊಟ್ಟು ಇಸ್ತ್ರಿ ಮಾಡಿಸಿದೆ.
ನಾಕು ತಿಂಗಳು ಬ್ಯಾರೆ ಯಾರದೋ ಫೋಟೋದಂಗ ಇದ್ದೆ.
ಬುಡದಿಂದ ಬೆರಳಷ್ಟು ಬೆರಳಷ್ಟು ಅಲಿ ಮತ್ತ ಬಂತು.
ಮ್ಯಾಲ ಡೊಂಕು, ಕೆಳಗ ನೆಟ್ಟಗ,
ನಡುವ ಎರಡೂ ಅಲ್ಲದ ಒಂದು ಜಾಗ.
ಅಲ್ಲೇ ಮುರೀತಿತ್ತು.

ಅಪ್ಪ ಮಗ್ಗ ಬಿಟ್ಟು ಒಂಬತ್ತು ವರ್ಷ.
ಒಂದು ಮುಂಜಾನೆ ನಾನು ಪರಪರ ಎಳಿಯೂದನ್ನ
ಒಳಗಿಂದ ಕೇಳಿದ. ನೋಡಲಿಲ್ಲ, ಬರೇ ಕೇಳಿದ.
"ಒಣಾ ನೂಲಿಗೆ ಯಾರ ಹಣಿಗಿ ಹಾಕತಾರಲೇ?"

ಮಗ್ಗದಾಗೂ ಹಣಿಗಿ, ತಲಿಗೂ ಹಣಿಗಿ.
ಒಂದೇ ಮಾತು ಮನಿಯೊಳಗ ಎರಡು ಗೂಟಕ್ಕ ತೂಗಾಡತಿತ್ತು,
ನಾನು ಕೂಡಿಸಿ ನೋಡಿದ್ದಿಲ್ಲ.

"ತೋಯಿಸು ಮೊದಲ. ತುದಿಯಿಂದ ಬಿಡಿಸು.
ಹಿಂಡಬ್ಯಾಡ, ಒತ್ತು.
ಗಂಜಿ ಹಸಿ ಇದ್ದಾಗ ಕುಡೀಬೇಕು ಅದು,
ಒಣಗೂ ತನಕ ಕೈ ಹಚ್ಚಬ್ಯಾಡ."
ಎಲಿ ಚೀಲ ಬಿಚ್ಚಿ ಸುಣ್ಣ ಹುಡಿಕಿದ.
"ಹೆಣಮಕ್ಕಳ ತಲಿ ನನಗೇನ ಗೊತ್ತು.
ನೂಲು ಗೊತ್ತು."

ಗಂಜಿ ಅಂದ್ರ ಅಕ್ಕಿ ಗಂಜಿ ಅಂತ ಬಳಕೊಂಡೆ.
ಬಸ್ಸಿನೊಳಗ ಹಪ್ಪಳದಂಗ ಕಟಕಟ,
ಯುನಿಫಾರ್ಮಿನ ಭುಜದ ಮ್ಯಾಲ ಬಿಳಿ ಹಿಟ್ಟು,
ಡ್ರೈವರ್ ಫಕ್ಕೀರೇಶಣ್ಣ ಕನ್ನಡಿಯೊಳಗ ನೋಡಿ ನಕ್ಕ.

ಆಮ್ಯಾಲ ಅಗಸಿ.
ಮೊದಲ ಸಲ ಕುದ್ದದ್ದು ಹೆಚ್ಚಾತು, ಸೋಸಾಕ ಬರಲಿಲ್ಲ.
ಎರಡನೇ ಸಲ ಹಳೇ ಸೀರಿ ತುಂಡಿನೊಳಗ ಹಾಕಿ ಹಿಂಡಿದರ
ನೆಗಡಿ ಬಂದ ಕೂಸಿನ ಮೂಗು.
ಅವ್ವ ಹೊಸ್ತಿಲದಾಗ ನಿಂತಳು:
"ಹಿಂಡಿಗೆ ಇಟ್ಟ ಅಗಸಿ ತಲಿಗೆ ಬಳಕೋತಿ,
ರೊಟ್ಟಿಗೆ ಏನ ಹಚಗೊಳ್ಳೂದು? ನಿನ್ನ ತಲಿ?"

ಹತ್ತು ದಿನಕ್ಕೊಮ್ಮೆ ನಳಕ್ಕ ಹೊಳಿ ನೀರು ಬರತೈತಿ,
ಅವತ್ತ ಈಗ ನನ್ನ ತಲಿ ಎರಕೊಳ್ಳೂ ಹಬ್ಬ.
ಟಾವೆಲ್ ಬಿಟ್ಟೆ, ಅಪ್ಪನ ಹಳೇ ಬನಿಯನ್ನು ಸಾಕು.
ಬಗ್ಗಿ ನಿಂತು, ತಲಿ ತಳಗ ಮಾಡಿ,
ಮುಷ್ಟಿಯೊಳಗ ಒತ್ತಿ ಒತ್ತಿ ಬಿಟ್ಟರ
ಲೋಳಿ ಚಪ್ ಚಪ್ ಅನ್ನತೈತಿ.
ಅದು ಒಣಗಿ ಬಿರುಸಾದ ಮ್ಯಾಲ ಹಿಚುಕಬೇಕು,
ಆವಾಗ ಒಳಗಿಂದ ಮೆತ್ತಗ ಎಚ್ಚರಾಗತೈತಿ.

ಎಲ್ಲಾ ಸರಿ ಆತು ಅಂತ ಅಲ್ಲ.
ಎಡಕ್ಕ ಚಂದ ಅಲಿ.
ಬಲಕ್ಕ, ನಾ ಮಲಗೂ ಮಗ್ಗಲು,
ಇನ್ನೂ ಕತ್ತದ ಸಿಂಬಿ.
ಇರಲಿ, ಟಿಕೆಟ್ ಕೊಡೂದು ಎಡಕ್ಕ ತಿರುಗಿ.

ಅವ್ವ ಈಗ ಡಬ್ಬಿ ಎರಡು ಮಾಡ್ಯಾಳ,
ಹಿಂಡಿದೊಂದು, ನನ್ನದೊಂದು.
ಮನ್ನೆ ನೋಡಿದೆ, ನನ್ನ ಡಬ್ಬಿ ಅರ್ಧಕ್ಕ ಬಂದಿತ್ತು.
ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದಳು ಅವ್ವ,
ಅರವತ್ತು ವರ್ಷ ಎಣ್ಣಿಯೊಳಗ ಮುಳುಗಿಸಿಟ್ಟ ತಲಿ.
ಕಿವಿ ಮುಂದ ಮೂರು ಬಿಳಿ ಎಳಿ
ಹೊಳದು, ಡೊಂಕಾಗಿ, ಸುರುಳಿ ಸುತ್ತಿದ್ದವು.

ನಾನೇನೂ ಕೇಳಲಿಲ್ಲ.
ಏಳೂವರಿ ಬಸ್ಸಿಗೆ ಹೊತ್ತಾಗಿತ್ತು.