ಹಂಸಪಾದ

ಕಲ್ಲುಕುಟಿಗ ಬಂದು ಮೆಟ್ಟಿಲ ಮೇಲೆ ಕೂತಿದ್ದಾನೆ.
ಗುಡ್ಡದ ಹೊಸ ಇಟ್ಟಿಗೆ ಶಾಲೆಗೆ
ಸ್ಥಾಪಕರ ಹೆಸರು ಕೆತ್ತಬೇಕಂತೆ.
“ಹಳಬರಲ್ಲಿ ಉಳಿದವರು ನೀವೊಬ್ಬರೇ, ಬೇಸಿಲ್ ವಾದೆನ್.
ಹೇಳಿ. ಅಕ್ಷರಕ್ಕೆ ಎರಡು ಪೆನ್ನಿ.”

ಹೇಳಿದೆ, ಮುತ್ತಜ್ಜನಿಂದ ಶುರುಮಾಡಿ.
ಅರ್ಧ ಹಲ್ಲು ಕಡಲಿಗೆ ಕೊಟ್ಟು ಹಡಗಿಳಿದವನು,
ಕೊಲ್ಲಿಯ ದಡದಲ್ಲಿ ಮರ ಕಡಿದು ಶಿಲುಬೆ ನೆಟ್ಟವನು.
ಮೇರಿಲ್ಯಾಂಡಿನಲ್ಲಿ ಯಾರ ಪ್ರಾರ್ಥನೆಯೂ ಯಾರಿಗೂ ಅಡ್ಡವಲ್ಲ
ಎಂಬ ಮಾತು ನಂಬಿ ಬಂದವನು.
ಮಗನ ಕಾಲಕ್ಕೇ ಆ ಮಾತು ಹಳಸಿತು.
ಗವರ್ನರ್ ಬದಲಾದ, ಕಾನೂನು ಬದಲಾಯಿತು:
ಪೂಜೆ ಮನೆಯೊಳಗೆ. ಪಾಠ ಎಲ್ಲಿಯೂ ಇಲ್ಲ.
ಪೋಪನ ಮಂದಿ ಮಕ್ಕಳಿಗೆ ಕಲಿಸಿದರೆ ಗಡಿಪಾರು.

ಹಾಗಾಗಿ ತಂಬಾಕು ಒಣಗಿಸುವ ಕೊಟ್ಟಿಗೆಯೇ ನಮ್ಮ ಶಾಲೆ.
ಮೇಲೆ ತೂಗುವ ಎಲೆ, ಕೆಳಗೆ ಏಳು ಹುಡುಗರು,
ನಡುವೆ ಫಾದರ್ ಗಿಲ್ಬರ್ಟ್ ಥೋರಲ್.
ಪೇಟೆಯಲ್ಲಿ ಮಾತ್ರ ಅವರು ದಲ್ಲಾಳಿ ಮಿಸ್ಟರ್ ಹೋಲ್ಟ್.
ಫೀಸೂ ಎಲೆಯಲ್ಲೇ, ತೂಕಕ್ಕೆ.
ಸೀನು ಬಂದರೆ ಕ್ರಿಯಾಪದ ತಪ್ಪುತ್ತಿತ್ತು;
ಇಂದಿಗೂ ಲ್ಯಾಟಿನ್ ಅಂದರೆ ನನಗೆ ಮೂಗುರಿ.

ಬಾಗಿಲಲ್ಲಿ ನೇಸ್.
ನನ್ನ ವಾರಿಗೆಯವನು. ಪಾದ್ರಿಗಳ ತೋಟದ ಆಳು...
ಅಲ್ಲ, ಆಳು ಎಂಬುದು ನಾವು ಆಡಿಕೊಂಡ ಮೆತ್ತನೆಯ ಮಾತು.
ಪಾದ್ರಿಗಳ ಸೊತ್ತು.
ನಮಗೆ ಬೆನ್ನು, ದಾರಿಗೆ ಮುಖ, ಕೈಯಲ್ಲೊಂದು ಕೋಲು.
ಶೆರೀಫನ ಕುದುರೆ ಕಂಡರೆ ಹಂದಿಗಳನ್ನು ಕರೆಯಬೇಕು,
ಅಷ್ಟೇ ಅವನ ಕೆಲಸ.
ಮೂರು ಚಳಿಗಾಲ ಅವನ ಕಣ್ಣು ನಮಗಾಗಿ ದುಡಿಯಿತು.
ಕಿವಿಯ ವಿಷಯ ಯಾರೂ ಕೇಳಲಿಲ್ಲ.

ಒಂದು ದಿನ ಹಂದಿಗಳನ್ನು ಕರೆದ.
ಪುಸ್ತಕ ಎಲೆಯಡಿ ಹೋದವು. ಫಾದರ್ ಹೋಲ್ಟ್ ಆದರು.
ನಾವು ಕಡ್ಡಿಯಿಂದ ಎಲೆ ಬಿಡಿಸತೊಡಗಿದೆವು.
ಶೆರೀಫ ಇಳಿದು ಬೂಟಿನ ಕೆಸರು ನೋಡಿಕೊಂಡ,
ನೋಡಿದರೆ ಹೊಸಿಲ ಧೂಳಿನಲ್ಲಿ, ಕೋಲಿನ ಮೊನೆಯಿಂದ,
ಮೆನ್ಸಾ, ಮೆನ್ಸೇ, ಮೆನ್ಸಾಮ್.
“ಏನಿದು?”
ಏಳು ಗಂಟಲು ಒಣಗಿದವು.
“ಕೋಳಿ ಕೆದರಿದ್ದು, ದೊರೆ,” ಅಂದ ನೇಸ್.
ಕೋಳಿಯೇ ಇರಬೇಕು. ಶೆರೀಫ ನಕ್ಕ,
ಸೇಬಿನ ಮದ್ಯ ಕುಡಿದ, ಹೋದ.
ಇನ್ನೊಂದು ಸಾಧ್ಯತೆ ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ.
ನಮ್ಮ ತಲೆಗೆ ಸುಳಿಯಿತು; ತಗ್ಗಿಸಿಕೊಂಡೆವು.
ಫಾದರ್ ಬಗ್ಗಿ, ಬೆರಳಿನಿಂದ ಒಂದು ವಿಭಕ್ತಿ ತಿದ್ದಿ,
ಆಮೇಲೆ ಕಾಲಿನಿಂದ ಎಲ್ಲ ಅಳಿಸಿದರು.

ಆ ವಸಂತಕ್ಕೆ ಸಾಲ ಏರಿತು. ಮಾಡು ಸೋರಿತು.
ಕಡಲಾಚೆಯಿಂದ ವ್ಯಾಕರಣ ತರಿಸಬೇಕಿತ್ತು.
ಅಕ್ಷರ ಬಂದ ಗುಲಾಮ ಅಂಗಳಕ್ಕೆ ಒಳ್ಳೆಯದಲ್ಲ
ಎಂದವರೂ ಇದ್ದರು, ಜಪಮಾಲೆ ಹಿಡಿದೇ.
ನದಿಯಾಚೆಯವನೊಬ್ಬ ಬಂದು ಹಲ್ಲು ನೋಡಿದ.
ರಸೀದಿ ಬೇಕೆಂದ. ಫಾದರ್ ಕೈ ನಡುಗುತ್ತಿತ್ತು,
ಪಶ್ಚಾತ್ತಾಪವೋ ಚಳಿಜ್ವರವೋ, ನನಗೆ ತಿಳಿಯದು.
ಏಳು ಮಂದಿಯಲ್ಲಿ ನನ್ನ ಅಕ್ಷರವೇ ದುಂಡಗೆ.
ನಾನೇ ಬರೆದೆ.
*ಇಗ್ನೇಷಿಯಸ್ ಎಂಬ ಹುಡುಗ, ವಯಸ್ಸು ಹದಿನಾಲ್ಕು,
ಗಟ್ಟಿಮುಟ್ಟು, ಒಂದೂ ಊನವಿಲ್ಲ.*

ಮಸಿ ಆರುವ ಮುನ್ನ
ಮೇಜಿನಾಚೆ ನಿಂತೇ, ತಲೆಕೆಳಗಾಗಿ ಓದಿ,
ನೇಸ್ ಬೆರಳಿಟ್ಟ:
“ಗ ಬಿಟ್ಟಿದ್ದೀಯ, ಬೇಸಿಲ್.”
ನನ್ನನ್ನು ಅವನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.
ನೋಡಿದೆ. ಬಿಟ್ಟಿದ್ದೆ.
ಹಂಸಪಾದ ಹಾಕಿ, ಸಾಲಿನ ಮೇಲೆ ಬರೆದೆ.
ಮತ್ತೆ ಮರಳು ಚೆಲ್ಲಿ ಮಸಿ ಆರಿಸಿ
ಕಾಗದ ಕೊಟ್ಟೆ, ಕೊಳ್ಳುವವನಿಗೆ.

ಕಲ್ಲುಕುಟಿಗ ಪಟ್ಟಿ ಓದಿ ಹೇಳಿದ. ಹನ್ನೊಂದು ಹೆಸರು.
ಕಾಗುಣಿತವೆಲ್ಲ ಸರಿ.
“ಒಂದು ಬಿಟ್ಟುಹೋಗಿದೆ,” ಅಂದೆ.
“ಕಲ್ಲಿನಲ್ಲಿ ಆಮೇಲೆ ಸೇರಿಸಲು ಬರುವುದಿಲ್ಲ, ಯಜಮಾನರೆ.
ಈಗಲೇ ಹೇಳಿ.”
ಹೇಳಿದೆ, ಒಂದೊಂದೇ ಅಕ್ಷರ, ಗ ಸಮೇತ.
ಬರೆದುಕೊಂಡ. ಸೀಸದ ಕಡ್ಡಿ ಎತ್ತಿ ಹಿಡಿದು ಕಾಯ್ದ:
“ಮನೆತನದ ಹೆಸರು?”