ಚೀನಾಕ ಹೋಗಿಬರೂ ಲೆಕ್ಕ

ಗ್ವಾಡಿ ಕ್ಯಾಲೆಂಡರಿನ ಹ್ವಾದ ತಿಂಗಳದ ಹಾಳಿ ಹರದು
ಅದರ ಬೆನ್ನಿನ ಮ್ಯಾಲೆ ಬರ್ಯಾಕ ಕುಂತೀವಿ.
ನಾ ಹೇಳಾಕಿ,
ಅಕ್ಕನ ಮಗಳು ಪ್ರತೀಕ್ಷಾ ಬರದು ಕೂಡಸಾಕಿ.

ಪಾಸ್‌ಪೋರ್ಟು: ಸಾವಿರದ ಐನೂರು.
ವೀಸಾ: ಮೂರು ಸಾವಿರದ ಒಂಬೈನೂರು.
'ಬಾಗಲಾಗ ನಿಂತು, ಒಳಗ ಬರ್ಲೇನು ಅಂತ ಕೇಳಾಕ ಇಷ್ಟಾ?'
'ಕೇಳಾಕಷ್ಟ ಚಿಗವ್ವ. ಬ್ಯಾಡ ಅಂದ್ರ ರೊಕ್ಕ ತಿರುಗಿ ಬರಂಗಿಲ್ಲ.'

ಕೂದಲಕ್ಕ ಇದ್ಯಾವುದೂ ಬೇಕಾಗಲಿಲ್ಲ.

ಇಪ್ಪತ್ತೆರಡು ವರ್ಷಾತು, ಭಾಗ್ಯನಗರದ ಶೆಡ್ಡಿನಾಗ
ಮೊಳಿಹಲಗಿ ಮುಂದ ಕುಂತು
ಯಾರ್ಯಾರದೋ ಬಾಚಣಿಕ್ಯಾಗ ಸಿಕ್ಕಿದ್ದು, ಬಚ್ಚಲ ಜಾಳಗಿಗೆ ಹತ್ತಿದ್ದು,
ಪಿನ್ನಿಗೆ, ಬಲೂನಿಗೆ, ಸ್ಟೀಲ್ ವಾಟಿಗೆ ಮಾರಿಹ್ವಾದದ್ದು
ಗಂಟು ಬಿಡಿಸಿ, ಸೀರು ಉದುರಿಸಿ,
ಆರಿಂಚು, ಎಂಟಿಂಚು, ಹದಿನಾಲ್ಕಿಂಚು
ಅಳದು ರಬ್ಬರ್ ಹಾಕಿ ಕೊಟ್ಟೀನಿ.
ಒಂದು ವರ್ಷ ಅದರಾಗ ನನ್ನದೂ ಇತ್ತು.
ಎರಡನೇ ಬಾಣಂತನದಾಗ ಮುಷ್ಟಿ ಮುಷ್ಟಿ ಉದುರಿದ್ದು
ಸುತ್ತಿ ಗ್ವಾಡಿ ಸಂದ್ಯಾಗ ತುರುಕಿದ್ದೆ,
ತಂದು ಎಲ್ಲಾದರ ಕೂಡ ಕಲಸಿದೆ. ತೂಕ ಬಂತು.
ಎಲ್ಲಿಗೆ ಹೋಕ್ಕತಿ ಇದು ಅಂದ್ರ ಮಾಲಕರು
ಮಾರಿ ಎತ್ತಲಾರದ, 'ಚೀನಾಕ. ಅಲ್ಲಿ ತಲಿ ಮಾಡ್ತಾರ' ಅಂದ್ರು.

ತಲಿ ಮಾಡ್ತಾರ!
ಅವತ್ತಿಂದ ಚೀಟಿ ಹಾಕೀನಿ. ಎತ್ತಿದ್ರ ಮೂವತ್ತೆಂಟು ಸಾವಿರ.

ಬೆಂಗಳೂರಿಗೆ ರಾತ್ರಿ ರೈಲು, ಹೋಗಿಬರಾಕ ಐನೂರಾ ಎಂಬತ್ತು.
ವಿಮಾನ ನಲವತ್ತಾರು ಸಾವಿರ.
(ಸೊನ್ನಿ ಬರಿಯಾಗ ಪ್ರತೀಕ್ಷಾ ಒಮ್ಮೆ ನನ್ನ ನೋಡಿದ್ಲು.)
ನಾಕು ರಾತ್ರಿ ರೂಮು, ಏಳು ಸಾವಿರದ ಎರಡನೂರು.
ಊಟ?
ಖಡಕ್ ರೊಟ್ಟಿ ಅರವತ್ತು, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ.
ಊಟಕ್ಕ ಗೀಟು ಎಳಿ.
'ಅಲ್ಲೆ ಹೋಗಿ ಯಾರನ್ನ ಮಾತಾಡಸ್ತಿ?' ಬಾಜೂ ಮಣಿ ಮ್ಯಾಲಿನ ಮಾಬುನ್ನಿ ನಗತಾಳ.
ಮಾತಾಡಸಾಕ ಅಲ್ಲ.
ಬಸ್‌ಸ್ಟ್ಯಾಂಡಿನಾಗ ಕುಂತು ಹೋಗೂ ಬರೂ ತಲಿ ನೋಡ್ತೀನಿ.
ಯಾವುದು ಬೆಳದದ್ದು ಯಾವುದು ಹೊಲದದ್ದು,
ಹತ್ತು ಮಾರು ದೂರದಿಂದ ಹೇಳ್ತೀನಿ ನಾ.

ತಡೀ, ಇನ್ನೊಂದು ಐತಿ.
ಆಧಾರದ ಮಷೀನು ಮೂರು ಸಲ ಕೆಂಪಾತು.
'ನಿಮ್ಮ ಬೆರಳಾಗ ಗೆರೀನ ಇಲ್ಲ' ಅಂದ ಹುಡುಗ,
ಏನರ ಕದ್ದೀನೇನೋ ಅನ್ನೂವಂಗ ನೋಡಿ.
ಕೂದಲ ಎಳದಾವ ಅವನ್ನ, ಒಂದೊಂದ, ಒಂದೊಂದ.
ಪಾಸ್‌ಪೋರ್ಟಿನಾಗೂ ಬೆರಳು ಒತ್ತಬೇಕಂತ.
ಹದಿನಾಕು ದಿನ ಕೂದಲ ಮುಟ್ಟದಂಗ ಇದ್ದು
ಕ್ರೀಮು ಹಚ್ಚಿದ್ರ ಗೆರಿ ತಿರುಗಿ ಬರತಾವಂತ.

ಕ್ರೀಮು: ನಲವತ್ತೈದು.
ತಪ್ಪಿದ ಕೂಲಿ: ಹದಿನಾಕು ಗುಣಲೆ ಎರಡನೂರಾ ಅರವತ್ತು,
ಮೂರು ಸಾವಿರದ ಆರನೂರಾ ನಲವತ್ತು.

ಒಟ್ಟು ಅರವತ್ತೆರಡು ಸಾವಿರದ ಎಂಟನೂರಾ ಅರವತ್ತೈದು.
ಚೀಟಿ ಕಳದ್ರ ಬಾಕಿ
ಇಪ್ಪತ್ನಾಕು ಸಾವಿರದ ಎಂಟನೂರಾ ಅರವತ್ತೈದು.
'ತೊಂಬತ್ತಾರು ದಿನದ ಕೂಲಿ, ಚಿಗವ್ವ.'
ತೊಂಬತ್ತಾರು ದಿನ ಕೂದಲ ಎಳದ್ರ ಗೆರಿ ಮತ್ತ ಹೋಕ್ಕಾವ.
ಮೊದಲ ಬೆರಳು ಒತ್ತಿ ಬಂದು, ಆಮ್ಯಾಲೆ ದುಡಿಯೂದು.
ಹಂಗ ಬರಿ, ಒಂದು, ಎರಡು ಅಂತ.

'ಅಲ್ಲಿಂದ ಏನರ ತರೂದು?'
ತರೂದಲ್ಲ. ಅಂಗಡ್ಯಾಗ ಹೋಗಿ
ಹದಿನಾಲ್ಕಿಂಚಿನದೊಂದು ತಲಿ ಇಟಗೊಂಡು ಕನ್ನಡಿ ನೋಡೂದು.
ಬಾಡಿಗಿ ಕೇಳಿದ್ರಂತ ಐವತ್ತು ಹಿಡಿ.
ಕೂಡಸಬ್ಯಾಡ ಅದನ್ನ, ಬಾಜೂಕ ಬರಿ.

ರಾತ್ರಿ ಹತ್ತೂ ಬೆರಳಿಗೆ ಕ್ರೀಮು ಹಚ್ಚಿಕೊಂಡು
ಹಾಳಿ ಮೂಲ್ಯಾಗ ಹೆಬ್ಬೆರಳು ಒತ್ತಿ ನೋಡಿದೆ.
ಜಿಡ್ಡಿನ ದುಂಡಗಲ ಒಂದು ಕಲಿ.
ಗೆರಿ ಇಲ್ಲ.
ಇನ್ನ ಹದಿಮೂರು ದಿನ ಅದಾವ.